ಯಂತ್ರವನ್ನು ‘ನೀನು ಯಾರು?’ ಎಂದು ಕೇಳಿದ ಸಿ.ಡಿ.

ಹೊಸದೊಂದು ಕಾರ್ಯಾಚರಣ ವ್ಯವಸ್ಥೆಯನ್ನು ಪರೀಕ್ಷಿಸಿ ನೋಡಬೇಕೆಂದರೆ ಒಂದು ಕಾಲದಲ್ಲಿ ಹಾರ್ಡ್ ಡಿಸ್ಕನ್ನು ವಿಭಾಗಿಸಬೇಕಿತ್ತು, ಅದರಲ್ಲಿದ್ದ ಕಡತಗಳನ್ನು ಅಪಾಯಕ್ಕೆ ಒಡ್ಡಬೇಕಿತ್ತು. ಪ್ರಯೋಗಾಲಯದಲ್ಲಿ ಇರುವುದೇ ನಾಲ್ಕು ಕಂಪ್ಯೂಟರ್ ಎಂದಾಗ ಯಾವ ಅಧ್ಯಾಪಕರು ಈ ಸಾಹಸಕ್ಕೆ ಕೈಹಾಕಿಯಾರು? ಈ ತೊಡಕನ್ನು ಬಿಡಿಸಿದ್ದು ‘ಲೈವ್ ಸಿ.ಡಿ.’. ಅದನ್ನು ಹಾಕಿ ಕಂಪ್ಯೂಟರನ್ನು ಚಾಲೂ ಮಾಡಿದರೆ ಲಿನಕ್ಸ್ ಸಿ.ಡಿ.ಯಿಂದಲೇ ಕೆಲಸ ಮಾಡುತ್ತದೆ. ಸಿ.ಡಿ. ತೆಗೆದು ಮತ್ತೆ ಚಾಲೂ ಮಾಡಿದರೆ ಹಳೆಯ ವ್ಯವಸ್ಥೆ ಇದ್ದ ಹಾಗೆಯೇ ಇರುತ್ತದೆ.

ಲಿನಸ್ ಟೋರ್ವಾಲ್ಡ್ಸ್ ಲಿನಕ್ಸನ್ನು ಪ್ರಕಟಿಸಿದ್ದು 1991ರಲ್ಲಿ. ಮರುವರ್ಷವೇ ಅಮೆರಿಕದ ಆಡಂ ರಿಕ್ಟರ್ ‘ಇಗ್‌ಡ್ರಸಿಲ್’ ಎಂಬ ಸಿ.ಡಿ.ಯನ್ನು ಹೊರತಂದರು. ಸಿ.ಡಿ.ಯಿಂದಲೇ ಲಿನಕ್ಸ್ ಓಡಿಸುವ ಮೊದಲ ಪ್ರಯತ್ನಗಳಲ್ಲಿ ಇದೊಂದು. ಆದರೆ ಆರಂಭದ ಸಿ.ಡಿ. ಡ್ರೈವ್ ಸೆಕೆಂಡಿಗೆ 150 ಕಿಲೋಬೈಟ್ ಮಾತ್ರ ಓದುತ್ತಿತ್ತು. ಆ ವೇಗದಲ್ಲಿ 3 ಮೆಗಾಬೈಟ್‌ನ ತಂತ್ರಾಂಶವೊಂದು ತೆರೆಯಲು 20 ಸೆಕೆಂಡು ಬೇಕು. ಫ್ಲಾಪಿಯ ನೆರವಿಲ್ಲದೆ ಸಿ.ಡಿ.ಯಿಂದಲೇ ಕಂಪ್ಯೂಟರ್ ಚಾಲೂ ಆಗುವ ‘ಎಲ್ ಟೊರಿಟೊ’ ಮಾನಕ ಬಂದದ್ದು 1995ರಲ್ಲಿ.

ವೇಗಕ್ಕಿಂತ ದೊಡ್ಡ ತೊಡಕು ಬೇರೆಯೇ ಇತ್ತು. ಸ್ಥಾಪಿಸಿದ ವ್ಯವಸ್ಥೆಗೆ ತನ್ನ ಯಂತ್ರದ ಪರಿಚಯ ಇರುತ್ತದೆ. ಲೈವ್ ಸಿ.ಡಿ.ಯಾದರೋ ಪ್ರತಿ ಸಲವೂ ಅಪರಿಚಿತರ ಮನೆಗೆ ಬಂದ ಅತಿಥಿ. ಹಳೆಯ ‘ಐ.ಎಸ್.ಎ.’ ಕಾರ್ಡುಗಳಲ್ಲಿ ಬಹಳಷ್ಟಕ್ಕೆ ತಮ್ಮ ಹೆಸರು ಹೇಳುವ ಸಾಮರ್ಥ್ಯವೇ ಇರಲಿಲ್ಲ. ಊಹಿಸಿದ ವಿಳಾಸಕ್ಕೆ ಸಂಕೇತ ಕಳಿಸಿ ಉತ್ತರಕ್ಕೆ ಕಾಯಬೇಕು. ಊಹೆ ತಪ್ಪಿದರೆ ಇಡೀ ಯಂತ್ರ ಸ್ತಬ್ಧವಾಗಬಹುದಿತ್ತು. ಇಂಟೆಲ್ 1992ರಲ್ಲಿ ಪ್ರಕಟಿಸಿದ ‘ಪಿ.ಸಿ.ಐ.’ ಮಾನಕ ಇದನ್ನು ಬದಲಿಸಿತು. ಇದರಂತೆ ಪ್ರತಿ ಕಾರ್ಡಿನಲ್ಲೂ ತಯಾರಕರಿಗೆ 16 ಬಿಟ್, ಸಾಧನಕ್ಕೆ 16 ಬಿಟ್‌ಗಳ ಗುರುತಿನ ಸಂಖ್ಯೆ ಇರಬೇಕು. ಇಂಟೆಲ್‌ನ ಸಂಖ್ಯೆ ಷೋಡಶಮಾನ ಪದ್ಧತಿಯಲ್ಲಿ 8086. ಅದು 1978ರ ಅದರ ಪ್ರಸಿದ್ಧ ಸಂಸ್ಕಾರಕದ ಹೆಸರೇ ಎಂಬುದನ್ನು ವಿದ್ಯಾರ್ಥಿಗಳು ಗುರುತಿಸಿಯಾರು! ಲಿನಕ್ಸಿನ ಪ್ರತಿ ಚಾಲಕ ತಂತ್ರಾಂಶವೂ, ಅಂದರೆ ಡ್ರೈವರ್, ತಾನು ನಿಭಾಯಿಸಬಲ್ಲ ಸಂಖ್ಯೆಗಳ ಪಟ್ಟಿಯನ್ನು ಹೊತ್ತಿರುತ್ತದೆ. ಎರಡನ್ನೂ ತಾಳೆ ನೋಡಿದರೆ ಜೋಡಿ ಸಿಕ್ಕಿತು.

ಜರ್ಮನಿಯ ಕ್ಲಾಸ್ ನಾಪರ್ 2000ದಲ್ಲಿ ಹೊರತಂದ ‘ನಾಪಿಕ್ಸ್’ ಈ ತಾಳೆ ನೋಡುವಿಕೆಯನ್ನು ತಾನಾಗಿಯೇ ಮಾಡಿತು. ಸುಮಾರು 2 ಗಿಗಾಬೈಟ್ ತಂತ್ರಾಂಶವನ್ನು ಸಂಕೋಚಿಸಿ 700 ಮೆಗಾಬೈಟ್‌ನ ಒಂದೇ ಸಿ.ಡಿ.ಯಲ್ಲಿ ತುಂಬಿದ್ದೂ ಇದರ ಹೆಗ್ಗಳಿಕೆ. ಆದರೂ ಲೈವ್ ಸಿ.ಡಿ.ಯ ಇತಿಹಾಸವನ್ನು ಬರಿಯ ಸಂಕೋಚನದ ಇತಿಹಾಸವೆಂದು ಹೇಳುವುದು ನನಗೆ ಸರಿಯೆನಿಸುವುದಿಲ್ಲ.

ಏಕೆಂದರೆ ಕಾರ್ಡಿನ ಹೆಸರು ತಿಳಿದ ಮಾತ್ರಕ್ಕೆ ಅದರ ಭಾಷೆ ತಿಳಿಯುವುದಿಲ್ಲ. ಯಾವ ರೆಜಿಸ್ಟರಿಗೆ ಏನು ಬರೆದರೆ ಏನಾಗುತ್ತದೆ ಎಂಬುದನ್ನು ತಯಾರಕರೇ ಹೇಳಬೇಕು. ವೈ-ಫೈ ಕಾರ್ಡುಗಳ ಹಲವು ತಯಾರಕರು ಇದನ್ನು ಗುಟ್ಟಾಗಿಟ್ಟರು. ಬ್ರಾಡ್‌ಕಾಮ್ ಕಂಪನಿಯ ಚಿಪ್ಪುಗಳ ಕಥೆ ಸ್ವಾರಸ್ಯಕರವಾಗಿದೆ. ಸ್ವಯಂಸೇವಕರ ಒಂದು ತಂಡ ಕಂಪನಿಯದೇ ಡ್ರೈವರನ್ನು ಬಿಡಿಸಿ ನೋಡಿ ಚಿಪ್ಪಿನ ವರ್ತನೆಯನ್ನು ವಿವರಿಸಿ ಬರೆಯಿತು. ಆ ಡ್ರೈವರನ್ನು ಕಣ್ಣಿಂದಲೂ ನೋಡದ ಇನ್ನೊಂದು ತಂಡ, ಕೇವಲ ಆ ವಿವರಣೆಯನ್ನು ಓದಿ ಹೊಸ ಡ್ರೈವರ್ ರಚಿಸಿತು. ನಕಲು ಮಾಡಿದರೆಂಬ ಆರೋಪಕ್ಕೆ ಎಡೆಯಾಗದಂತೆ ಈ ಏರ್ಪಾಡು. 2006ರಲ್ಲಿ ಇದು ಲಿನಕ್ಸ್ 2.6.17ರಲ್ಲಿ ಸೇರಿತು. ಆಮೇಲೂ ಕಾರ್ಡು ಕೆಲಸ ಮಾಡಲು ಅದರೊಳಗೆ ತುಂಬಬೇಕಾದ ‘ಫರ್ಮ್‌ವೇರ್’ ಎಂಬ ಕಡತ ಬೇಕಿತ್ತು, ಅದನ್ನು ಹಂಚಲು ಅನುಮತಿ ಇರಲಿಲ್ಲ. ಬಳಕೆದಾರರೇ ಅದನ್ನು ಕಂಪನಿಯ ಡ್ರೈವರಿನಿಂದ ಕತ್ತರಿಸಿ ತೆಗೆದುಕೊಳ್ಳಬೇಕಿತ್ತು. ಹೀಗಾಗಿ ಲೈವ್ ಸಿ.ಡಿ. ಕಾರ್ಡನ್ನು ಗುರುತಿಸಿಯೂ ಸುಮ್ಮನೆ ಕೂರುತ್ತಿತ್ತು. 2010ರಲ್ಲಿ ಬ್ರಾಡ್‌ಕಾಮ್ ತನ್ನ ಹೊಸ ಚಿಪ್ಪುಗಳಿಗೆ ತಾನೇ ಮುಕ್ತ ಡ್ರೈವರ್ ಬಿಡುಗಡೆ ಮಾಡಿತು.

ಈಗ ಸಿ.ಡಿ.ಯ ಸ್ಥಾನಕ್ಕೆ ಪೆನ್ ಡ್ರೈವ್ ಬಂದಿದೆ. ಫರ್ಮ್‌ವೇರ್‌ನ ಪ್ರಶ್ನೆ ಮಾತ್ರ ಉಳಿದುಕೊಂಡಿತು. ನಾಪಿಕ್ಸ್‌ಗೆ ಆಧಾರವಾದ ಡೆಬಿಯನ್, ಮುಕ್ತವಲ್ಲದ ಫರ್ಮ್‌ವೇರನ್ನು ತನ್ನ ಅಧಿಕೃತ ಸ್ಥಾಪನಾ ಡಿಸ್ಕಿನಿಂದ ಬಹುಕಾಲ ದೂರವಿಟ್ಟಿತ್ತು. 2022ರಲ್ಲಿ ಸದಸ್ಯರು ಮತ ಹಾಕಿ ಈ ನಿಲುವನ್ನು ಸಡಿಲಿಸಿದರು. 2023ರ ಡೆಬಿಯನ್ 12ರಿಂದ ಆ ಕಡತಗಳು ಡಿಸ್ಕಿನಲ್ಲಿಯೇ ಬರುತ್ತಿವೆ. ಬೇಡವೆನ್ನುವವರು ಅವುಗಳನ್ನು ಬಿಟ್ಟು ಚಾಲೂ ಮಾಡಬಹುದು.