ಹವ್ಯಾಸಿ ಟ್ರ್ಯಾಕ್ ಚಾಲನೆಗೆ ಬಳಸುವ ಖಾಸಗಿ ಕಾರುಗಳು: ಟೈರುಗಳ ಸಂಗ್ರಹಣೆ ಮತ್ತು ಸೀಟ್ ಬೆಲ್ಟ್ ಬದಲಾವಣೆ ಕುರಿತು ಮಾಹಿತಿ

ತಮ್ಮ ಸ್ವಂತ ಕಾರನ್ನು ವರ್ಷದಲ್ಲಿ ಕೆಲವು ದಿನ ರೇಸ್ ಟ್ರ್ಯಾಕ್‌ನಲ್ಲಿ ಚಲಾಯಿಸುವ ಹವ್ಯಾಸವುಳ್ಳ ಮಾಲೀಕರು, ಕಾರಿನ ಬದಲಾವಣೆಗೆ ಅನುಮತಿ ಕೋರಿ ಅರ್ಜಿ ಸಲ್ಲಿಸುವ ಮುನ್ನ ತಿಳಿದಿರಬೇಕಾದ ಅಂಶಗಳನ್ನು ಇಲ್ಲಿ ನೀಡಲಾಗಿದೆ. ರಾಜ್ಯದ ಹವ್ಯಾಸಿ ಚಾಲಕರು ಸಾಮಾನ್ಯವಾಗಿ ಚೆನ್ನೈ ಸಮೀಪದ ಇರುಂಗಾಟ್ಟುಕೋಟ್ಟೈ ಟ್ರ್ಯಾಕ್‌ಗೆ ಅಥವಾ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಗೆ ತೆರಳುತ್ತಾರೆ. ಎರಡೂ ಬೆಂಗಳೂರಿನಿಂದ ಸರಿಸುಮಾರು 300 ಕಿ.ಮೀ. ಅಥವಾ ಅದಕ್ಕೂ ಹೆಚ್ಚು ದೂರದಲ್ಲಿವೆ. ಹೋಗುವುದೂ ಬರುವುದೂ ಬಹುತೇಕ ಅದೇ ಕಾರಿನಲ್ಲಿ, ಸಾರ್ವಜನಿಕ ಹೆದ್ದಾರಿಯಲ್ಲಿಯೇ. ಸೋಮವಾರದಿಂದ ಅದೇ ಕಾರು ಕುಟುಂಬದ ಉಪಯೋಗಕ್ಕೆ ಒದಗಬೇಕಾಗಿರುತ್ತದೆ. ಆದುದರಿಂದ ಟ್ರ್ಯಾಕ್‌ಗೆಂದು ಮಾಡಿದ ಯಾವುದೇ ಬದಲಾವಣೆಯು ರಸ್ತೆಗೂ ಸಲ್ಲುವುದೇ ಎಂಬುದನ್ನು ಮೊದಲು ಪರಿಶೀಲಿಸತಕ್ಕದ್ದು.

ಸೀಟ್ ಬೆಲ್ಟ್

ಕಾರು ತಯಾರಕರು ಅಳವಡಿಸಿರುವ ಮೂರು ಬಿಂದುಗಳ ಸೀಟ್ ಬೆಲ್ಟ್ ಅನ್ನು ಯಾವ ಕಾರಣಕ್ಕೂ ತೆಗೆಯಬಾರದು. ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ ನಿಯಮ 125ರಂತೆ ಬೆಲ್ಟ್ ಮತ್ತು ಅದರ ಆಧಾರ ಬಿಂದುಗಳಿಗೆ ಎ.ಐ.ಎಸ್. 005 ಮತ್ತು ಎ.ಐ.ಎಸ್. 015 ಮಾನಕಗಳು ಅನ್ವಯವಾಗುತ್ತವೆ. ರಸ್ತೆಯಲ್ಲಿ ಬೆಲ್ಟ್ ಧರಿಸದಿರುವುದು ಮೋಟಾರು ವಾಹನ ಕಾಯ್ದೆ, 1988ರ ಕಲಂ 194ಬಿ ಅನ್ವಯ ದಂಡನೀಯವಾಗಿದೆ.

ಟ್ರ್ಯಾಕ್‌ಗಾಗಿ ನಾಲ್ಕು ಅಥವಾ ಆರು ಬಿಂದುಗಳ ಹಾರ್ನೆಸ್ ಖರೀದಿಸುವವರು ಹೆಚ್ಚಾಗುತ್ತಿದ್ದಾರೆ. ಹೆಚ್ಚು ಪಟ್ಟಿಗಳಿದ್ದರೆ ಹೆಚ್ಚು ಸುರಕ್ಷತೆ ಎಂಬ ಭಾವನೆ ಸಹಜವಾದುದೇ. ಆದರೆ ಹಾರ್ನೆಸ್ ಎಂಬುದು ಬಿಡಿ ವಸ್ತುವಲ್ಲ. ರೇಸ್ ಆಸನ, ರೋಲ್ ಕೇಜ್, ಹೆಲ್ಮೆಟ್ ಮತ್ತು ಕುತ್ತಿಗೆಯ ರಕ್ಷಣಾ ಸಾಧನಗಳೊಡನೆ ಸೇರಿ ಕೆಲಸ ಮಾಡುವಂತೆ ಅದನ್ನು ರೂಪಿಸಲಾಗಿದೆ. ಇವುಗಳಲ್ಲಿ ಒಂದನ್ನು ಮಾತ್ರ ತಂದು ಸಾಧಾರಣ ಕಾರಿನಲ್ಲಿ ಕೂರಿಸಿದಾಗ ಅಪಾಯವು ಕಡಿಮೆಯಾಗುವ ಬದಲು ಹೆಚ್ಚಬಹುದು. ಕಾರು ಮಗುಚಿ ಛಾವಣಿ ಕುಸಿದಲ್ಲಿ, ಮೂರು ಬಿಂದುಗಳ ಬೆಲ್ಟ್ ಧರಿಸಿದವರ ಮೇಲ್ಭಾಗಕ್ಕೆ ಪಕ್ಕಕ್ಕೆ ಬಾಗಲು ಸ್ವಲ್ಪ ಅವಕಾಶವಿರುತ್ತದೆ. ಹಾರ್ನೆಸ್ ಧರಿಸಿದವರು ನೆಟ್ಟಗೆ ಕುಳಿತಂತೆಯೇ ಸಿಲುಕುತ್ತಾರೆ. ರೋಲ್ ಕೇಜ್ ಇಲ್ಲದಿದ್ದರೆ ಛಾವಣಿಯ ಭಾರ ನೇರವಾಗಿ ತಲೆ ಮತ್ತು ಕುತ್ತಿಗೆಯ ಮೇಲೆ ಬೀಳುತ್ತದೆ.

ತೊಡೆಗಳ ನಡುವಿನಿಂದ ಬರುವ ಪಟ್ಟಿ ಇಲ್ಲದ ಸಾಮಾನ್ಯ ನಾಲ್ಕು ಬಿಂದುಗಳ ಹಾರ್ನೆಸ್‌ನಲ್ಲಿ ಮತ್ತೊಂದು ದೋಷವಿದೆ. ಭುಜದ ಪಟ್ಟಿಗಳನ್ನು ಬಿಗಿದಷ್ಟೂ ಸೊಂಟದ ಪಟ್ಟಿಯು ಮೇಲಕ್ಕೆ ಸರಿದು ಹೊಟ್ಟೆಯ ಮೇಲೆ ಕೂರುತ್ತದೆ. ಡಿಕ್ಕಿಯ ವೇಳೆ ದೇಹವು ಕೆಳಗಿನಿಂದ ಮುಂದಕ್ಕೆ ಜಾರಿದರೆ ಬೆಲ್ಟ್ ಮೂಳೆಯ ಮೇಲೆ ನಿಲ್ಲದೆ ಒಳ ಅಂಗಾಂಗಗಳ ಮೇಲೆ ಒತ್ತುತ್ತದೆ. ಭುಜದ ಪಟ್ಟಿಗಳನ್ನು ಹಿಂದಿನ ಸೀಟಿನ ಬೆಲ್ಟ್‌ನ ಬೋಲ್ಟ್‌ಗಳಿಗೆ ಕಟ್ಟುವ ಪದ್ಧತಿಯೂ ಕಂಡುಬರುತ್ತದೆ. ಅಂತರರಾಷ್ಟ್ರೀಯ ಆಟೊಮೊಬೈಲ್ ಒಕ್ಕೂಟದ, ಅಂದರೆ ಎಫ್.ಐ.ಎ.ಯ ನಿಯಮದಂತೆ ಭುಜದ ಪಟ್ಟಿಗಳು ಆಸನದ ಬೆನ್ನಿನ ಮೇಲಂಚಿನಿಂದ ಹಿಂದಕ್ಕೆ ಹೋಗುವಾಗ ಸಮತಲಕ್ಕೆ 45 ಡಿಗ್ರಿಗಿಂತ ಹೆಚ್ಚು ಕೆಳಗಿಳಿಯಬಾರದು; 10 ಡಿಗ್ರಿಯೊಳಗೆ ಇರುವುದು ಉತ್ತಮ. ಇದಕ್ಕಿಂತ ಕಡಿದಾಗಿ ಇಳಿದ ಪಟ್ಟಿ ಡಿಕ್ಕಿಯ ಸಮಯದಲ್ಲಿ ಭುಜಗಳನ್ನು ಕೆಳಕ್ಕೆಳೆದು ಬೆನ್ನುಮೂಳೆಯನ್ನು ಅದುಮುತ್ತದೆ. ಆಸನಕ್ಕಾಗಲಿ ಆಸನದ ಕಾಲುಗಳಿಗಾಗಲಿ ಹಾರ್ನೆಸ್ ಬಿಗಿಯುವುದನ್ನು ಅದೇ ನಿಯಮವು ನಿಷೇಧಿಸಿದೆ.

ಆದಾಗ್ಯೂ ಹಾರ್ನೆಸ್ ಅಳವಡಿಸಿಯೇ ತೀರುವವರು ಎಫ್.ಐ.ಎ. 8853 ಶ್ರೇಣಿಯ ಗುರುತುಚೀಟಿ ಇರುವುದನ್ನೇ ಆಯ್ಕೆ ಮಾಡತಕ್ಕದ್ದು. ಅದು ಯಾವ ವರ್ಷದವರೆಗೆ ಮಾನ್ಯ ಎಂಬುದು ಗುರುತುಚೀಟಿಯಲ್ಲಿಯೇ ಮುದ್ರಿತವಾಗಿರುತ್ತದೆ. ಅವಧಿ ಮುಗಿದ ಹಾರ್ನೆಸ್‌ಗಳು ಕಡಿಮೆ ಬೆಲೆಗೆ ಕೈಬದಲಾಗುವುದುಂಟು. ಅಂತಹ ಉಳಿತಾಯವನ್ನು ಉಳಿತಾಯವೆಂದು ಕರೆಯಲಾಗದು. ಒಮ್ಮೆ ಅಪಘಾತದ ಸೆಳೆತಕ್ಕೆ ಒಳಗಾದ ಬೆಲ್ಟ್, ಅದು ತಯಾರಕರದ್ದೇ ಆಗಿರಲಿ ಹಾರ್ನೆಸ್ ಆಗಿರಲಿ, ನೋಡಲು ಸರಿಯಿದ್ದರೂ ಬದಲಿಸತಕ್ಕದ್ದು. ಪಟ್ಟಿಗಳನ್ನು ಸಾಧಾರಣ ಸೋಪಿನ ನೀರಿನಿಂದ ತೊಳೆದು ನೆರಳಿನಲ್ಲಿ ಒಣಗಿಸಬೇಕು. ಬಿಸಿಲು, ಬ್ಲೀಚಿಂಗ್ ಪುಡಿ ಮತ್ತು ಬ್ಯಾಟರಿ ಆಮ್ಲದಿಂದ ನೂಲು ಬಲ ಕಳೆದುಕೊಳ್ಳುತ್ತದೆ.

ಹಾರ್ನೆಸ್ ಧರಿಸಿದಾಗ ಮೂಲ ಬೆಲ್ಟ್‌ನ ಎಚ್ಚರಿಕೆಯ ಗಂಟೆ ನಿಲ್ಲಿಸಲು ಸುಳ್ಳು ಕ್ಲಿಪ್ ಸಿಕ್ಕಿಸಿ, ನಂತರ ಅದನ್ನು ಹಾಗೆಯೇ ಬಿಟ್ಟು ಮನೆಗೆ ಮರಳುವವರಿದ್ದಾರೆ. ಇಂತಹ ಕ್ಲಿಪ್‌ಗಳ ಆನ್‌ಲೈನ್ ಮಾರಾಟದ ವಿರುದ್ಧ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರವು 2023ರಲ್ಲಿ ಆದೇಶ ಹೊರಡಿಸಿರುತ್ತದೆ.

ಟೈರುಗಳ ಸಂಗ್ರಹಣೆ

ಶೀತ ದೇಶಗಳಲ್ಲಿ ಬಿಡುವಿನ ಕಾಲವೆಂದರೆ ಹಿಮದ ಕಾಲ. ನಮ್ಮಲ್ಲಿ ಅದು ಬೇಸಿಗೆ. ಮಾರ್ಚ್‌ನಿಂದ ಮೇವರೆಗೆ ಟ್ರ್ಯಾಕ್ ಟೈರುಗಳು ಮೂಲೆ ಸೇರುತ್ತವೆ. ರಬ್ಬರಿಗೆ ಅತ್ಯಂತ ಹಾನಿಕರವಾದ ಉಷ್ಣತೆ ಇರುವುದೂ ಅದೇ ತಿಂಗಳುಗಳಲ್ಲಿ. ರಬ್ಬರ್ ಸಾಮಗ್ರಿಗಳಿಗೆ 25 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆ ಉಷ್ಣತೆ ಸೂಕ್ತ. ಕಲಬುರಗಿ, ರಾಯಚೂರಿನಲ್ಲಿ ಇರಲಿ, ಬೆಂಗಳೂರಿನಲ್ಲಿಯೂ ತಾರಸಿಯ ತಗಡಿನ ಶೆಡ್ಡು ಈ ಮಿತಿಯನ್ನು ಬಹಳ ಮೀರುತ್ತದೆ. ಮನೆಯೊಳಗಿನ ನೆಲಮಟ್ಟದ, ಬೆಳಕು ಕಡಿಮೆಯಿರುವ ಒಣ ಕೋಣೆಯೇ ಯೋಗ್ಯವಾದುದು.

ಟೈರುಗಳನ್ನು ತೊಳೆದು, ಬ್ರೇಕಿನ ಧೂಳು ಮತ್ತು ಸಿಕ್ಕಿಕೊಂಡ ಕಲ್ಲುಗಳನ್ನು ತೆಗೆದು, ಪೂರ್ಣವಾಗಿ ಒಣಗಿಸಿ, ಕಪ್ಪು ಪ್ಲಾಸ್ಟಿಕ್ ಚೀಲದಲ್ಲಿ ಗಾಳಿಯಾಡದಂತೆ ಕಟ್ಟಿಡಬೇಕು. ಹೊಳಪಿನ ಪಾಲಿಶ್ ಹಚ್ಚಬಾರದು. ರಿಮ್ ಸಹಿತ ಇರುವ ಟೈರುಗಳನ್ನು ಗಾಳಿಯ ಒತ್ತಡ ತಗ್ಗಿಸಿ ಒಂದರ ಮೇಲೊಂದು ಮಲಗಿಸಬಹುದು. ರಿಮ್ ಇಲ್ಲದವುಗಳನ್ನು ನಿಲ್ಲಿಸಿಟ್ಟು ತಿಂಗಳಿಗೊಮ್ಮೆ ತುಸು ಉರುಳಿಸಬೇಕು. ಯಾವ ಟೈರು ಯಾವ ಮೂಲೆಯದೆಂದು ಸೀಮೆಸುಣ್ಣದಿಂದ ಗುರುತು ಮಾಡಿದರೆ ಮುಂದೆ ಅನುಕೂಲ. ಕಾರನ್ನೇ ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಟೈರು ಒಂದೇ ಕಡೆ ಚಪ್ಪಟೆಯಾಗದಂತೆ ಸ್ಟ್ಯಾಂಡ್ ಮೇಲೆ ಎತ್ತಿಡುವುದು ಲೇಸು.

ನೀರಿನ ಪಂಪ್ ಮೋಟಾರು, ಕಂಪ್ರೆಸರ್, ವೆಲ್ಡಿಂಗ್ ಯಂತ್ರ ಇವುಗಳ ಸಮೀಪ ಟೈರುಗಳನ್ನು ಇಡಬಾರದು. ವಿದ್ಯುತ್ ಕಿಡಿಯಿಂದ ಹುಟ್ಟುವ ಓಜೋನ್ ಅನಿಲವು ರಬ್ಬರನ್ನು ಸೀಳಿಸುತ್ತದೆ. ಅಂತೆಯೇ ಪೆಟ್ರೋಲ್ ಡಬ್ಬ ಮತ್ತು ಎಣ್ಣೆ ಚೆಲ್ಲಿದ ನೆಲವೂ ವರ್ಜ್ಯ. ಹೊರಗೆ ಎಸೆದಿಟ್ಟ ಟೈರಿನಲ್ಲಿ ಮುಂಗಾರುಪೂರ್ವ ಮಳೆಯ ನೀರು ನಿಂತಲ್ಲಿ ಡೆಂಗ್ಯೂ ಹರಡುವ ಈಡಿಸ್ ಸೊಳ್ಳೆ ಬೆಳೆಯುತ್ತದೆ. ಸೊಳ್ಳೆ ಉತ್ಪತ್ತಿಗೆ ಆಸ್ಪದ ನೀಡುವವರಿಗೆ ದಂಡ ವಿಧಿಸಲು 2024ರಿಂದ ರಾಜ್ಯದಲ್ಲಿ ಅವಕಾಶವಿದೆ.

ಮರಳಿ ಜೋಡಿಸುವ ಮುನ್ನ ಟೈರಿನ ಪಕ್ಕದಲ್ಲಿರುವ ನಾಲ್ಕು ಅಂಕಿಗಳನ್ನು ನೋಡಿ. 2321 ಎಂದಿದ್ದರೆ ಅದು 2021ರ 23ನೇ ವಾರದಲ್ಲಿ ತಯಾರಾದುದು. ಟ್ರ್ಯಾಕ್‌ನಲ್ಲಿ ಪದೇ ಪದೇ ಕಾದು ತಣಿದ ಟೈರು ಟ್ರೆಡ್ ಉಳಿದಿದ್ದರೂ ಗಡುಸಾಗಿ ಹಿಡಿತ ಕಳೆದುಕೊಳ್ಳುತ್ತದೆ. ರಸ್ತೆಯಲ್ಲಿ ಕಾರಿನ ಟೈರಿಗೆ ಕನಿಷ್ಠ 1.6 ಮಿ.ಮೀ. ಟ್ರೆಡ್ ಆಳ ಹಾಗೂ ಐ.ಎಸ್.ಐ. ಗುರುತು ಇರತಕ್ಕದ್ದು. ಗೀರುಗಳಿಲ್ಲದ ರೇಸ್ ಟೈರು ಹೆದ್ದಾರಿಗೆ ಸಲ್ಲದು. ದಾರಿಯಲ್ಲಿ ಒಂದು ಮಳೆ ಬಂದರೆ ಸಾಕು, ನೀರು ಹೊರಹೋಗಲು ಮಾರ್ಗವಿಲ್ಲದೆ ಕಾರು ತೇಲುತ್ತದೆ. ರಸ್ತೆಯ ಟೈರುಗಳಲ್ಲಿ ಪ್ರಯಾಣಿಸಿ, ಟ್ರ್ಯಾಕ್ ಟೈರುಗಳನ್ನು ಬೇರೆಯಾಗಿ ಕೊಂಡೊಯ್ಯುವುದು ಕ್ರಮಬದ್ಧ.

ವಿಮೆ

ಸಾಮಾನ್ಯ ಖಾಸಗಿ ಕಾರು ವಿಮಾ ಪಾಲಿಸಿಯು ಸಂಘಟಿತ ರೇಸ್, ವೇಗ ಪರೀಕ್ಷೆ ಮುಂತಾದ ಉಪಯೋಗಗಳಿಗೆ ಅನ್ವಯಿಸುವುದಿಲ್ಲ. ಟ್ರ್ಯಾಕ್ ದಿನದಲ್ಲಿ ಆದ ನಷ್ಟವನ್ನು ಪೂರ್ಣವಾಗಿ ಮಾಲೀಕರೇ ಭರಿಸಬೇಕಾಗಬಹುದು. ಪಾಲಿಸಿಯ ಷರತ್ತುಗಳನ್ನು ಓದಿಯೇ ಹೊರಡುವುದು ಸೂಕ್ತ. ಟೈರಿಗೆ ಮಾತ್ರ ಆದ ಹಾನಿಗೆ ಸಾಮಾನ್ಯ ಪಾಲಿಸಿಯಲ್ಲಿ ಪರಿಹಾರವಿಲ್ಲ. ಕಾರಿಗೂ ಅದೇ ವೇಳೆ ಹಾನಿಯಾಗಿದ್ದರೆ ಬದಲಿ ಟೈರಿನ ಬೆಲೆಯ ಶೇ. 50ರಷ್ಟಕ್ಕೆ ಪರಿಹಾರ ಸೀಮಿತ. ಲೆಕ್ಕ ಹಾಕುವವರು ಈ ಬಾಬತ್ತನ್ನೂ ಖರ್ಚಿನ ಕಡೆ ಬರೆದುಕೊಳ್ಳುವುದು ಒಳಿತು.

ಅನುಮತಿ ಯಾವುದಕ್ಕೆ ಅಗತ್ಯ

ತಯಾರಕರು ಸೂಚಿಸಿದ ಅಳತೆಯ ಟೈರು ಬದಲಿಸಲು ಅರ್ಜಿ ಬೇಕಿಲ್ಲ. ಆದರೆ ರೋಲ್ ಕೇಜ್ ಅಳವಡಿಸಲು ಹಿಂದಿನ ಸೀಟು ತೆಗೆದಲ್ಲಿ ನೋಂದಣಿ ಪತ್ರದಲ್ಲಿ ನಮೂದಾದ ಆಸನ ಸಂಖ್ಯೆಯೂ ತೂಕವೂ ವ್ಯತ್ಯಾಸವಾಗುತ್ತವೆ. ಇದು ಕಲಂ 52ರ ವ್ಯಾಪ್ತಿಗೆ ಬರುತ್ತದೆ. ತಯಾರಕರ ಮೂಲ ವಿವರಗಳಿಗೆ ವ್ಯತಿರಿಕ್ತವಾದ ಬದಲಾವಣೆಗೆ ಆಸ್ಪದವಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2019ರ ಜನವರಿಯಲ್ಲಿ ತೀರ್ಪು ನೀಡಿರುವುದರಿಂದ, ಇಂತಹ ಅರ್ಜಿಗಳು ಮಂಜೂರಾಗುತ್ತವೆಂದು ಭಾವಿಸಿ ಮುಂಚಿತವಾಗಿ ಹಣ ವ್ಯಯಿಸಬಾರದು. ಅನುಮತಿಯಿಲ್ಲದೆ ಮಾಡಿದ ಪ್ರತಿ ಬದಲಾವಣೆಗೆ ಕಲಂ 182ಎ ಅನ್ವಯ ಆರು ತಿಂಗಳವರೆಗೆ ಕಾರಾವಾಸ ಅಥವಾ 5,000 ರೂ. ದಂಡ ಅಥವಾ ಎರಡನ್ನೂ ವಿಧಿಸಬಹುದಾಗಿದೆ. ಅನುಮತಿ ದೊರೆತ ಬದಲಾವಣೆಯನ್ನು 14 ದಿನಗಳೊಳಗೆ ನೋಂದಣಿ ಪ್ರಾಧಿಕಾರಕ್ಕೆ ವರದಿ ಮಾಡತಕ್ಕದ್ದು.

ಕೆಲವು ದಿನಗಳ ಮಟ್ಟಿಗೆ ಕಾರನ್ನು ತಮಿಳುನಾಡಿಗೆ ಕೊಂಡೊಯ್ಯಲು ನಿರಾಕ್ಷೇಪಣಾ ಪತ್ರ ಬೇಕಿಲ್ಲ. ಬಿಡುವಿನ ಕಾಲದಲ್ಲಿ ಟ್ರ್ಯಾಕ್ ಸಮೀಪದ ಗ್ಯಾರೇಜಿನಲ್ಲಿಯೇ ಕಾರನ್ನು ಬಿಟ್ಟು, ಆ ಅವಧಿ 12 ತಿಂಗಳು ಮೀರಿದಲ್ಲಿ ಕಲಂ 47ರಂತೆ ಆ ರಾಜ್ಯದಲ್ಲಿ ಹೊಸ ನೋಂದಣಿ ಸಂಖ್ಯೆ ಪಡೆಯಬೇಕಾಗುತ್ತದೆ. ಅದಕ್ಕೆ ಬೇಕಾದ ನಿರಾಕ್ಷೇಪಣಾ ಪತ್ರಕ್ಕಾಗಿ ನಮೂನೆ 28ರಲ್ಲಿ, ಕಾರು ನೋಂದಣಿಯಾಗಿರುವ ಪ್ರಾದೇಶಿಕ ಸಾರಿಗೆ ಕಚೇರಿಗೆ ಅರ್ಜಿ ಸಲ್ಲಿಸತಕ್ಕದ್ದು.