ಸವೆದ ಪ್ರೂಫ್ ನಾಣ್ಯವನ್ನು ಓದುವುದು

ಪ್ರೂಫ್ ಎಂದರೆ ಫಳಫಳ ಹೊಳೆಯುವ ನಾಣ್ಯ ಎಂದು ತಿಳಿದವರೇ ಹೆಚ್ಚು. ಅದು ನಾಣ್ಯದ ಸ್ಥಿತಿಯ ಹೆಸರಲ್ಲ, ತಯಾರಿಕೆಯ ಹೆಸರು. ಮೆರುಗು ಕೊಟ್ಟ ಬಿಲ್ಲೆಯ ಮೇಲೆ ಮೆರುಗು ಕೊಟ್ಟ ಅಚ್ಚನ್ನು ಒಂದಕ್ಕಿಂತ ಹೆಚ್ಚು ಸಲ ಒತ್ತಿದಾಗ ಹಿನ್ನೆಲೆ ಕನ್ನಡಿಯಾಗುತ್ತದೆ. ಆಮೇಲೆ ಎಷ್ಟೇ ಸವೆದರೂ ಅದು ಪ್ರೂಫೇ. ಅಮೆರಿಕದ ಹಳೆಯ ಸೆಂಟುಗಳಿಗಾಗಿ ವಿಲಿಯಂ ಶೆಲ್ಡನ್ 1949ರಲ್ಲಿ ರೂಪಿಸಿದ 1ರಿಂದ 70ರ ಅಳತೆಯಲ್ಲಿ 60ಕ್ಕಿಂತ ಕೆಳಗಿಳಿದ ಪ್ರೂಫನ್ನು ‘ಊನಗೊಂಡದ್ದು’ ಎನ್ನುತ್ತಾರೆ, ಅಷ್ಟೇ.

ಬುಕ್ಕಾಪಟ್ಟಣದ ಒಂದು ಮನೆಯಲ್ಲಿ ಗಾಂಧಿ ಶತಮಾನೋತ್ಸವದ ಹತ್ತು ರೂಪಾಯಿ ನೋಡಿದೆ. 1969ರದು, 15 ಗ್ರಾಂ, ಶೇ. 80 ಬೆಳ್ಳಿ. ಹೊಳಪು ಪೂರ್ತಿ ಹೋಗಿತ್ತು. ಪ್ರೂಫ್ ಎಂದು ತಿಳಿದದ್ದು ‘ಬಿ’ ಅಕ್ಷರದಿಂದ: ಬೊಂಬಾಯಿ ಟಂಕಸಾಲೆ ಚಲಾವಣೆಯ ನಾಣ್ಯಕ್ಕೆ ವಜ್ರಾಕೃತಿಯನ್ನೂ ಪ್ರೂಫಿಗೆ ‘ಬಿ’ಯನ್ನೂ ಒತ್ತುತ್ತಿತ್ತು.

ಕೈಯಿಂದ ಕೈಗೆ ಓಡಾಡಿದ ನಾಣ್ಯದಲ್ಲಿ ಮೊದಲು ಸವೆಯುವುದು ಉಬ್ಬಿದ ಭಾಗ. ಇಲ್ಲಿ ಗಾಂಧಿಯ ಕೆನ್ನೆ, ಕಿವಿ ಹೆಚ್ಚುಕಡಿಮೆ ಹಾಗೇ ಇದ್ದವು. ಸಮತಟ್ಟಾದ ಹಿನ್ನೆಲೆಯ ತುಂಬ ಮಾತ್ರ ಕೂದಲೆಳೆಯಂಥ ಗೀರುಗಳು. ಅಂದರೆ ಸಂತೆ ಕಂಡ ನಾಣ್ಯವಲ್ಲ, ತಿಕ್ಕಿಸಿಕೊಂಡ ನಾಣ್ಯ. ಪ್ರತಿ ದೀಪಾವಳಿಯ ಲಕ್ಷ್ಮೀಪೂಜೆಗೆ ಮನೆಯ ಅಜ್ಜಿ ಹುಣಸೆಹಣ್ಣು, ಬೂದಿ ಹಾಕಿ ತೊಳೆಯುತ್ತಿದ್ದರಂತೆ. ದರ್ಜೆ ನೀಡುವ ಸಂಸ್ಥೆಗಳು ಇಂಥದ್ದಕ್ಕೆ ಅಂಕಿಯನ್ನೇ ಕೊಡದೆ ‘ತೊಳೆದದ್ದು’ ಎಂದು ಬರೆದು ಕಳಿಸುವುದುಂಟು. ಬೆಲೆ ಕಟ್ಟುವವರಿಗೆ ಅದು ಸರಿಯೇ. ಇತಿಹಾಸದ ವಿದ್ಯಾರ್ಥಿಗೆ ಮಾತ್ರ ಪೆಟ್ಟಿಗೆಯಲ್ಲೇ ಉಳಿದ 70ರ ನಾಣ್ಯಕ್ಕಿಂತ ಇದರಲ್ಲೇ ಓದಲು ಹೆಚ್ಚಿದೆ. ಅಂಚಿನ ಗೆರೆಗಳ ಸಂದಿಯಲ್ಲಿ ಅರಿಶಿನ ಇನ್ನೂ ಇತ್ತು.