ತುಮಕೂರಿನ ಕೆಮ್ಮು: ಸಂಶೋಧಕನು ಮೊದಲು ಕೇಳಬೇಕಾದ ಪ್ರಶ್ನೆ



ಸೆಂಟರ್‌ವಿಲ್‌ನ ನಮ್ಮ ಮಕ್ಕಳಲ್ಲಿ ಕೆಲವರು ಈಗ ಆರೋಗ್ಯ ಶಿಕ್ಷಣದ ಸಂಶೋಧನೆಯನ್ನು ಆರಿಸಿಕೊಳ್ಳುತ್ತಿರುವುದು ಸಂತೋಷದ ವಿಷಯ. ಅವರಿಗೆ ಆರಂಭದಲ್ಲೇ ಎದುರಾಗುವ ಪ್ರಶ್ನೆ ತಾತ್ತ್ವಿಕವಾದದ್ದು. ಅಳೆದು ಎಣಿಸಿದ್ದೇ ಜ್ಞಾನವೆನ್ನುವ ಪಾಸಿಟಿವಿಸಂ ಪಂಥವೋ, ಜನರ ಅನುಭವವನ್ನು ಅವರ ಮಾತಿನಿಂದಲೇ ಅರಿಯಬೇಕೆನ್ನುವ ಪಂಥವೋ? ಇದು ಬರಿಯ ತರ್ಕವಿಲಾಸವಲ್ಲ ಎಂಬುದಕ್ಕೆ ನಮ್ಮ ತುಮಕೂರು ಜಿಲ್ಲೆಯೇ ಸಾಕ್ಷಿ.

1959ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಸ್ಥಾಪನೆಯಾಯಿತು. ಹಳ್ಳಿಗರಿಗೆ ರೋಗದ ಅರಿವಿಲ್ಲ, ಆದುದರಿಂದ ಮೊದಲು ಅವರಿಗೆ ತಿಳಿವಳಿಕೆ ನೀಡಬೇಕು ಎಂಬುದು ಅಂದಿನ ವೈದ್ಯವಲಯದ ನಂಬಿಕೆ. ಸಂಸ್ಥೆಯ ದೇಬಬರ್ ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಆ ನಂಬಿಕೆಯನ್ನೇ ಪರೀಕ್ಷೆಗೊಡ್ಡಿದರು. ತುಮಕೂರು ಜಿಲ್ಲೆಯ ಸಮೀಕ್ಷೆಯಲ್ಲಿ ಎಕ್ಸ್‌ರೇ ಮತ್ತು ಕಫಪರೀಕ್ಷೆಗಳಿಂದ ರೋಗ ಪತ್ತೆಯಾದವರನ್ನು ಸಂದರ್ಶಿಸಲಾಯಿತು. ಕ್ಷಯದ ಬಗ್ಗೆ ನಿಮಗೇನು ಗೊತ್ತು ಎಂದು ಮೇಷ್ಟರಂತೆ ಪ್ರಶ್ನಿಸುವುದು ಅದರ ಉದ್ದೇಶವಾಗಿರಲಿಲ್ಲ. ಯಾವ ತೊಂದರೆ ಅನುಭವಿಸಿದಿರಿ, ಅದರಿಂದ ಚಿಂತೆಯಾಯಿತೇ, ಪರಿಹಾರಕ್ಕಾಗಿ ಎಲ್ಲಿಗೆ ಹೋದಿರಿ ಎಂಬುದೇ ಮುಖ್ಯ.

ಫಲಿತಾಂಶ 1963ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಬಹುಪಾಲು ರೋಗಿಗಳಿಗೆ ಲಕ್ಷಣಗಳ ಅರಿವಿತ್ತು, ಅನೇಕರಿಗೆ ಆತಂಕವೂ ಇತ್ತು. ಅರ್ಧದಷ್ಟು ಮಂದಿ ಆಗಲೇ ಚಿಕಿತ್ಸಾಲಯದ ಮೆಟ್ಟಿಲು ಹತ್ತಿದ್ದರು! ಅಲ್ಲಿ ರೋಗಪತ್ತೆಯಾಗದೆ ಕೆಮ್ಮಿನ ಔಷಧದ ಬಾಟಲಿಯೊಡನೆ ಹಿಂದಿರುಗಿದ್ದರು. ಹಾಗಾದರೆ ಶಿಕ್ಷಣ ಬೇಕಾಗಿದ್ದುದು ಯಾರಿಗೆ?

1962ರಲ್ಲಿ ರೂಪುಗೊಂಡ ರಾಷ್ಟ್ರೀಯ ಕ್ಷಯ ನಿಯಂತ್ರಣ ಕಾರ್ಯಕ್ರಮಕ್ಕೆ ಈ ಅರಿವೇ ಒಂದು ಆಧಾರ: ಕೆಮ್ಮಿನಿಂದ ಬಂದವರ ಕಫವನ್ನು ಸಾಮಾನ್ಯ ಆಸ್ಪತ್ರೆಯಲ್ಲೇ ಪರೀಕ್ಷಿಸಿ, ಮನೆಯಲ್ಲಿದ್ದೇ ಔಷಧ ಸೇವಿಸುವಂತೆ ಮಾಡುವುದು. ಆ ದಿನಗಳಲ್ಲಿ ಬೆಂಗಳೂರಿನ ಸಂಸ್ಥೆಯಲ್ಲಿ ದುಡಿದ ಡೆನ್ಮಾರ್ಕಿನ ಹಾಫ್‌ಡನ್ ಮಾಹ್ಲರ್ 1973ರಿಂದ 1988ರವರೆಗೆ ವಿಶ್ವ ಆರೋಗ್ಯ ಸಂಸ್ಥೆಯ ಮಹಾನಿರ್ದೇಶಕರಾಗಿದ್ದರು. 1978ರ ಆಲ್ಮಾ ಆಟಾ ಘೋಷಣೆ ಅವರ ಕಾಲದ್ದೇ.

ಅಂಕಿಅಂಶಗಳಲ್ಲೇ ತರಬೇತಿ ಪಡೆದ ನಾನು ಅವನ್ನು ಹಳಿಯಲಾರೆ. ಎಕ್ಸ್‌ರೇ ಇಲ್ಲದಿದ್ದರೆ ಯಾರನ್ನು ಕೇಳಬೇಕೆಂಬುದೇ ತಿಳಿಯುತ್ತಿರಲಿಲ್ಲ. ಕೇಳದೆ ಹೋಗಿದ್ದರೆ ತಪ್ಪೆಲ್ಲ ಹಳ್ಳಿಗರ ತಲೆಗೇ ಬರುತ್ತಿತ್ತು. ಆದುದರಿಂದ ಪಂಥವನ್ನು ಆರಿಸುವ ಮುನ್ನ, ಯಾರನ್ನು ಅಜ್ಞಾನಿಗಳೆಂದು ಭಾವಿಸಿ ಹೊರಟಿದ್ದೇವೆ ಎಂದು ನಮ್ಮ ಯುವಕ ಯುವತಿಯರು ತಮ್ಮನ್ನೇ ಕೇಳಿಕೊಳ್ಳಲಿ.

ಸರಿಯಾದ ಅರಿವೊಂದರಿಂದಲೇ ರೋಗ ನೀಗಲಿಲ್ಲವೆಂಬುದನ್ನೂ ಹೇಳಬೇಕು. 1992ರ ಪರಿಶೀಲನೆಯಲ್ಲಿ ಹಣದ ಕೊರತೆ, ಔಷಧದ ಅಭಾವ, ಅರ್ಧಕ್ಕೇ ನಿಂತ ಚಿಕಿತ್ಸೆಗಳು ಬೆಳಕಿಗೆ ಬಂದವು. ಪರಿಷ್ಕೃತ ಕಾರ್ಯಕ್ರಮ ವ್ಯಾಪಕವಾಗಿ ಆರಂಭವಾದದ್ದು 1997ರಲ್ಲಿ.